ಕಾರಣದ ಮೇಷ್ಟ್ರು

ನಮ್ಮ ಭಾವನಿಗೆ ಬೀದಿಯವರು ಇಟ್ಟ ಹೆಸರು ಕಾರಣದ ಮೇಷ್ಟ್ರು. ಮೇಷ್ಟ್ರು ಅಂದರೆ ಪಾಠ ಹೇಳುವವರೇನಲ್ಲ, ಅವರು ಓದಿದ್ದೇ ಎಂಟನೇ ಕ್ಲಾಸು. ಕಾರುಗಳ ಕರೆಂಟಿನ ಕೆಲಸ ಅವರದ್ದು. ಅದೇ ಶೆಡ್ಡಿನ ಇನ್ನೊಂದು ಪಕ್ಕದಲ್ಲಿ ನಾನು ತಗಡು ಬಡಿಯುತ್ತೇನೆ. ಗುದ್ದಿಸಿಕೊಂಡು ಬಂದ ಬಾಗಿಲು, ಸೊಟ್ಟಗಾದ ಬಾನೆಟ್ಟು, ಇಂಥವನ್ನೆಲ್ಲ ನೆಟ್ಟಗೆ ಮಾಡುವವನು ನಾನು. ಭಾವ ಅಂದರೆ ನನ್ನ ಅಕ್ಕನ ಗಂಡ. ಇಪ್ಪತ್ತಾರು ವರ್ಷ ಒಂದೇ ಸೂರಿನ ಕೆಳಗೆ ಕೆಲಸ ಮಾಡಿದೆವು. ಅಷ್ಟು ವರ್ಷದಲ್ಲಿ ನಾನು ಅವರ ಮೇಲೆ ಸಾವಿರ ಸಲವಾದರೂ ರೇಗಿದ್ದೇನೆ. ಅವರು ನನ್ನ ಮೇಲೆ ಒಂದು ಸಲವೂ ರೇಗಲಿಲ್ಲ. ರೇಗಲೇಬೇಕಾಗಿದ್ದ ಒಂದು ದಿನವೂ ರೇಗಲಿಲ್ಲ. ಅದನ್ನು ಹೇಳಿಕೊಳ್ಳದೆ ಇದ್ದರೆ ನನ್ನ ಎದೆ ಒಡೆದುಹೋಗುತ್ತದೆ.

ಈಗಿನ ಕಾರುಗಳಿಗೆ ಮೈ ಸರಿಯಿಲ್ಲದಿದ್ದರೆ ಸ್ಟೀರಿಂಗಿನ ಹಿಂದೆ ಒಂದು ಹಳದಿ ದೀಪ ಹತ್ತುತ್ತದೆ. ಹತ್ತಿದ ಕೂಡಲೇ ಜನರ ಜೀವ ಬಾಯಿಗೆ ಬರುತ್ತದೆ. ಕಾರಿನೊಳಗಿನ ಕಂಪ್ಯೂಟರ್ ತನಗೆ ಕಂಡ ತೊಂದರೆಯನ್ನು ಒಂದು ನಂಬರಾಗಿ ನೆನಪಿಟ್ಟುಕೊಂಡಿರುತ್ತದೆ. ಅದಕ್ಕೇ ಕೋಡು ಅನ್ನುವುದು. ಸ್ಕ್ಯಾನರಿನ ವೈರನ್ನು ಕಾರಿನ ಸಾಕೆಟ್ಟಿಗೆ ಚುಚ್ಚಿದರೆ ಕೋಡು ಪರದೆಯ ಮೇಲೆ ಬರುತ್ತದೆ. ಇನ್ನೊಂದು ಗುಂಡಿ ಒತ್ತಿದರೆ ಅಳಿಸಿಹೋಗುತ್ತದೆ, ದೀಪವೂ ಆರುತ್ತದೆ. ಊರಿನ ಅರ್ಧ ಮೆಕ್ಯಾನಿಕ್ಕುಗಳ ಹೊಟ್ಟೆಪಾಡು ನಡೆಯುವುದೇ ಆ ಗುಂಡಿಯಿಂದ. ದೀಪ ಆರಿಸು, ಕೈ ಒರೆಸಿಕೋ, ಕಳಿಸು. ವಾರದಲ್ಲಿ ಮತ್ತೆ ಹತ್ತಿದರೆ ಪೆಟ್ರೋಲು ಸರಿಯಿಲ್ಲ ಅನ್ನು.

ಭಾವ ಮಾತ್ರ ಆ ಗುಂಡಿಗೆ ಬೆರಳು ತಾಗಿಸುತ್ತಿದ್ದದ್ದು ಕಟ್ಟಕಡೆಗೆ. "ಕೋಡು ಹೇಳೋದು ಚಾಡಿ ಕಣಯ್ಯ" ಅನ್ನುತ್ತಿದ್ದರು. "ಈ ಮನೇಲಿ ಜಗಳ ಆಗ್ತಿದೆ ಅಂತ ಹೇಳುತ್ತೆ, ಅಷ್ಟೆ. ಯಾರು ಯಾರಿಗೆ ಹೊಡೆದ್ರು, ಯಾಕೆ ಹೊಡೆದ್ರು ಅನ್ನೋದನ್ನ ಒಳಗೆ ಹೋಗಿ ನಾವು ನೋಡ್ಬೇಕು." ಅವರ ಹತ್ತಿರ ಉದ್ದನೆಯ ರಟ್ಟಿನ ಪುಸ್ತಕವೊಂದಿತ್ತು. ಪುಟಕ್ಕೆ ಮೂರು ಮನೆ ಗೆರೆ ಎಳೆದಿದ್ದರು. ಮೊದಲನೆಯದು ಗಾಡಿ, ಎರಡನೆಯದು ಕೋಡು, ಮೂರನೆಯದು ಕಾರಣ. ಕಾರಣದ ಮನೆ ತುಂಬದೆ ಗಾಡಿ ಶೆಡ್ಡು ಬಿಡುವ ಹಾಗಿಲ್ಲ. ಗಿರಾಕಿ ಕೈಗಡಿಯಾರ ನೋಡಿಕೊಳ್ಳಲಿ, ಕೂಗಾಡಲಿ, ಇವರು "ಕಾರಣ ಸಿಗ್ಲಿ ಸ್ವಾಮಿ" ಅಂತ ಗಾಡಿಯ ಅಡಿಯಿಂದಲೇ ಉತ್ತರ ಕೊಡುತ್ತಿದ್ದರು. ಬೀದಿಯವರು ಹೆಸರಿಟ್ಟದ್ದು ಸುಮ್ಮನೆ ಅಲ್ಲ.

ಒಮ್ಮೆ ಹಲ್ಲಿನ ಡಾಕ್ಟರೊಬ್ಬರು ಬಂದರು. ಹೊಗೆ ಕೊಳವೆಯಲ್ಲಿರುವ ಸೆನ್ಸರು ಕೆಟ್ಟಿದೆ ಅಂತ ಕೋಡು ಬರುತ್ತಿತ್ತಂತೆ. ಮೂರು ಗ್ಯಾರೇಜಿನಲ್ಲಿ ಮೂರು ಸಲ ಸೆನ್ಸರು ಬದಲಾಯಿಸಿದ್ದರು, ದೀಪ ಮಾತ್ರ ಆರಿರಲಿಲ್ಲ. ಭಾವ ಒಂದೂವರೆ ದಿನ ನೆಲದ ಮೇಲೆ ಅಂಗಾತ ಮಲಗಿ, ಸೋಪು ನೀರು ಹಚ್ಚಿ ಹಚ್ಚಿ, ಕೊಳವೆಯಲ್ಲಿ ಕೂದಲೆಳೆಯಷ್ಟು ಬಿರುಕು ಹುಡುಕಿದರು. ಅಲ್ಲಿಂದ ಹೊರಗಿನ ಗಾಳಿ ಒಳಗೆ ಸೇರುತ್ತಿತ್ತು. ಸೆನ್ಸರು ಪಾಪ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿತ್ತು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ದಾರೆ ಡಾಕ್ಟ್ರೇ" ಅಂದರು ಭಾವ. ಡಾಕ್ಟರು ನಕ್ಕು, "ನಮ್ಮಲ್ಲೂ ಹಾಗೇ ಒಳ್ಳೆ ಹಲ್ಲು ಕಿತ್ತುಬಿಡೋರಿದ್ದಾರೆ" ಅಂದರು. ಬಿರುಕಿಗೆ ಬೆಸುಗೆ ಹಾಕಿದ್ದು ನಾನು. ಹತ್ತು ನಿಮಿಷದ ಕೆಲಸ. ಒಂದೂವರೆ ದಿನ ಹುಡುಕಿದ್ದಕ್ಕೆ ಏನು ಸಿಕ್ಕಿತು ಅಂತ ನಾನು ರೇಗಿದರೆ, ಪುಸ್ತಕ ತೆಗೆದು ಮೂರನೇ ಮನೆ ತೋರಿಸಿದರು. ಇಂಥ ಮನುಷ್ಯನ ಜೊತೆ ಜಗಳ ಆಡುವುದಾದರೂ ಹೇಗೆ?

ಅವರು ನನಗೆ ಕಲಿಸಿದ್ದು ಒಂದೇ ಒಂದು ಪಾಠ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಗುದ್ದಿಸಿಕೊಂಡು ಬಂದ ಗಾಡಿಯೊಂದು ಅಂಗಳದಲ್ಲೇ ಹೊತ್ತಿಕೊಂಡಿತ್ತು. ಒಳಗೆಲ್ಲೋ ವೈರು ಜಜ್ಜಿಹೋಗಿ ಕಿಡಿ ಹಾರಿತ್ತು. ನನ್ನ ಎಡಗೈ ಮೊಣಕೈವರೆಗೆ ಬೆಂದಿತು. ಭಾವ ಮರಳು ಎರಚಿ ನಂದಿಸಿ, ನನ್ನನ್ನು ಬೆನ್ನಿಗೆ ಹಾಕಿಕೊಂಡು ಆಸ್ಪತ್ರೆಗೆ ಓಡಿದರು. ದಾರಿಯಲ್ಲೇ ಹೇಳಿದರು: "ನೋಡು ತಗಡು, ಆಕ್ಸಿಡೆಂಟ್ ಗಾಡಿ ಬಂದ್ರೆ ಮೊದಲು ಬ್ಯಾಟರಿಯ ಕಪ್ಪು ವೈರು ಬಿಚ್ಚು. ಆಮೇಲೆ ಬೇಕಾದ್ರೆ ನೀರು ಕುಡಿ." ತಗಡು ಅಂದರೆ ನಾನೇ, ಅವರಿಟ್ಟ ಹೆಸರು. ಆವತ್ತಿನಿಂದ ಅಂಥ ಗಾಡಿ ಕಂಡರೆ ನನ್ನ ಕೈ ನನ್ನನ್ನು ಕೇಳುವುದಿಲ್ಲ. ತಾನಾಗಿ ಸ್ಪ್ಯಾನರ್ ಹಿಡಿದು ಹೋಗುತ್ತದೆ.

ಇನ್ನು ಅವರ ಮಗಳ ವಿಷಯ. ಇದ್ದವಳು ಒಬ್ಬಳೇ. ಬಸ್ಸಿನ ಹಾರನ್ನಿನಂಥ ಅವಳ ಗಂಟಲು ಕೇಳಿ ನಾನು ಹಾರನ್ನು ಅಂತಲೇ ಕರೆಯುತ್ತಿದ್ದೆ. "ನಿನ್ನ ಸುತ್ತಿಗೆಗಿಂತ ಕಡಿಮೇನೇ ಬಿಡು ಮಾವ" ಅನ್ನುತ್ತಿದ್ದಳು. ಇಪ್ಪತ್ಮೂರನೇ ವಯಸ್ಸಿಗೆ ಒಂದು ಹಳೇ ಕಾರು ಕೊಂಡು ಹೆಂಗಸರಿಗೆ ಡ್ರೈವಿಂಗ್ ಕಲಿಸಲು ಶುರುಮಾಡಿದಳು. ಕಲಿಸುವವರ ಕಾಲಿಗೂ ಬ್ರೇಕು, ಕ್ಲಚ್ಚು ಬೇಕಲ್ಲ, ಆ ಎರಡನೇ ಜೊತೆ ಪೆಡಲುಗಳನ್ನು ಭಾವನೇ ಕೂರಿಸಿದರು. ಎರಡು ದಿನ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ ಮಲಗಿ, ಏನೇನೋ ವೈರುಗಳನ್ನು ಅತ್ತಿಂದಿತ್ತ ಸರಿಸಿದರು. ತಗಡಿನವನಿಗೆ ವೈರಿನ ಸಮಾಚಾರ ಯಾಕೆ ಅಂತ ನಾನು ತಿರುಗಿಯೂ ನೋಡಲಿಲ್ಲ.

ಶೆಡ್ಡಿನ ಹಿಂದಿನ ಎರಡು ರೂಮುಗಳೇ ಅಕ್ಕನ ಮನೆ. ಬೆಳಿಗ್ಗೆ ನಾನು ಶಟರ್ ಎತ್ತುವ ಹೊತ್ತಿಗೆ ಒಳಗಿನಿಂದ ಹಾರನ್ನಿನ ಹೇರ್ ಡ್ರೈಯರ್ ಗುಂಯ್ ಅನ್ನುತ್ತಿರುತ್ತಿತ್ತು. ಅದರ ಮೇಲೆ ಅಕ್ಕನ ಕೂಗು: "ಹೊತ್ತಾಯ್ತು, ಕೂದಲು ದಾರೀಲಿ ಒಣಗುತ್ತೆ, ಹೊರಡು!" ಸಂಜೆ ಬಂದು ತನ್ನ ಶಿಷ್ಯೆಯರ ಕಥೆ ಹೇಳುತ್ತಿದ್ದಳು. ಬ್ರೇಕ್ ಒತ್ತಿ ಅಂದರೆ ಒಬ್ಬರು ಕಣ್ಣು ಮುಚ್ಚಿಕೊಂಡು ದೇವರೇ ಅನ್ನುತ್ತಿದ್ದರಂತೆ. ಇನ್ನೊಬ್ಬರು ಎದುರು ಬಂದ ಬಸ್ಸಿಗೆ ಕೈಮುಗಿದಿದ್ದರಂತೆ. ಭಾವ ನಗುವುದನ್ನು ನಾನು ನೋಡಿದ್ದು ಆ ಹೊತ್ತಿನಲ್ಲಿ ಮಾತ್ರ.

ಒಂದು ಗುರುವಾರ ಸಂಜೆ ಅವಳು ನಗದೆ ಬಂದಳು.

"ಅಪ್ಪ, ಗಾಡಿ ತಾನಾಗೇ ಆಫ್ ಆಗ್ತಿದೆ."

"ಕಲಿಯೋರ ಕೈಲಿ ದಿನಕ್ಕೆ ನಲವತ್ತು ಸಲ ಆಗುತ್ತಲ್ಲ."

"ಅದಲ್ಲಪ್ಪ. ಮಧ್ಯಾಹ್ನ ಬಿಸಿಲಲ್ಲಿ ಎರಡು ಸಲ ಆಯ್ತು. ಪಾಪ, ಕಲಿಯೋಕೆ ಬರೋ ನರ್ಸಮ್ಮಂಗೆ ಕ್ಲಚ್ ಬೇಗ ಬಿಟ್ರಿ ಅಂತ ಬೈದೆ. ಆಮೇಲೆ ಬರ್ತಾ ನನ್ನ ಕೈಲೂ ಆಯ್ತು. ಸುಮ್ನೆ ಹೋಗ್ತಿದ್ದಾಗ. ಅವರಿಗೆ ಫೋನ್ ಮಾಡಿ ತಪ್ಪಾಯ್ತು ಅಂದೆ."

ಭಾವ ಸ್ಕ್ಯಾನರ್ ಹಚ್ಚಿದರು. ಪಿ ಸೊನ್ನೆ ಮೂರು ಮೂರು ಐದು. ಇಂಜಿನ್ನು ತಿರುಗುತ್ತಿದೆಯೋ ಇಲ್ಲವೋ ಅಂತ ಕಂಪ್ಯೂಟರಿಗೆ ಹೇಳುವ ಹೆಬ್ಬೆರಳು ಗಾತ್ರದ ಸೆನ್ಸರೊಂದಿದೆ. ಅದು ಮಾತು ನಿಲ್ಲಿಸಿದರೆ ಇಂಜಿನ್ನು ನಿಂತೇಹೋಗುತ್ತದೆ. ಸೆನ್ಸರೇ ಕೆಟ್ಟಿರಬಹುದು, ವೈರು ಸವೆದಿರಬಹುದು, ಜೋಡಿಸುವ ಕಡೆ ಧೂಳು ಕೂತಿರಬಹುದು. ಯಾವುದು ಅಂತ ನೋಡಬೇಕು. ಹೊಸ ಸೆನ್ಸರು ಅಂಗಡಿಯಲ್ಲಿರಲಿಲ್ಲ, ಮರುದಿನ ಸಂಜೆಗೆ ಬರುತ್ತದೆ ಅಂದರು.

ಮರುದಿನ ಬೆಳಿಗ್ಗೆ ಎಂಟಕ್ಕೆ ಆ ನರ್ಸಮ್ಮನ ಲೈಸೆನ್ಸ್ ಪರೀಕ್ಷೆ. ಎರಡು ಸಲ ಫೇಲಾಗಿದ್ದವರು. ಹಳದಿ ದೀಪ ಹತ್ತಿದ್ದರೆ ಇನ್‌ಸ್ಪೆಕ್ಟರು ಗಾಡಿಯನ್ನು ಗೇಟಿನಿಂದಲೇ ವಾಪಸ್ ಕಳಿಸುತ್ತಾರೆ. "ಒಂದೇ ಒಂದು ದಿನ ಅಪ್ಪ. ದೀಪ ಆರಿಸಿಕೊಡು. ಸಂಜೆ ಗಾಡಿ ಇಲ್ಲೇ ಬಿಡ್ತೀನಿ."

"ಕಾರಣ ಗೊತ್ತಾಗ್ದೆ ಆಗಲ್ಲ ಮಗಳೇ."

ಆಗ ನಾನು ಬಾಯಿ ಹಾಕಿದೆ. ನನ್ನ ನಾಲಿಗೆ ಬಿದ್ದುಹೋಗಬೇಕಿತ್ತು. "ಏನು ಭಾವ ನಿಮ್ಮ ಮಡಿ? ಊರೋರೆಲ್ಲ ದಿನಕ್ಕೆ ಹತ್ತು ಸಲ ಒತ್ತೋ ಗುಂಡಿ, ಹೆತ್ತ ಮಗಳಿಗೆ ಒಂದು ಸಲ ಒತ್ತೋಕೆ ಆಗಲ್ವಾ?"

ಹಾರನ್ನು ನಕ್ಕಳು. ಭಾವ ನನ್ನನ್ನು ಒಮ್ಮೆ, ಅವಳನ್ನು ಒಮ್ಮೆ ನೋಡಿದರು. ಜೋಡಣೆ ಬಿಚ್ಚಿ ಒರೆಸಿ ಹಾಕಿದರು, ವೈರು ಎಳೆದು ಅಲ್ಲಾಡಿಸಿ ನೋಡಿದರು, ಅರ್ಧ ಗಂಟೆ ಇಂಜಿನ್ನು ಕಾಯಿಸಿದರು. ಗಾಡಿ ಒಮ್ಮೆಯೂ ಕೆಮ್ಮಲಿಲ್ಲ. ಆಮೇಲೆ ಗುಂಡಿ ಒತ್ತಿದರು, ದೀಪ ಆರಿತು. ಪುಸ್ತಕದಲ್ಲಿ ಗಾಡಿ ಬರೆದರು, ಕೋಡು ಬರೆದರು. ಮೂರನೇ ಮನೆ ಖಾಲಿ ಬಿಟ್ಟು, "ನಾಳೆ ಸಂಜೆ ಬರೀತೀನಿ" ಅಂದರು.

ಮರುದಿನ ಬೆಳಿಗ್ಗೆ ಏಳೂವರೆಗೆ ನದಿಯ ಸೇತುವೆಯ ಮೇಲೆ ಹಿಂದಿನಿಂದ ಲಾರಿಯೊಂದು ಅವಳ ಕಾರಿಗೆ ಗುದ್ದಿತು. ನರ್ಸಮ್ಮನನ್ನು ಕರೆದುಕೊಳ್ಳಲು ಹೋಗುತ್ತಿದ್ದಳು, ಗಾಡಿಯಲ್ಲಿ ಒಬ್ಬಳೇ. ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಎಲ್ಲ ಮುಗಿದಿತ್ತು. ಆ ನರ್ಸಮ್ಮ ಆಮೇಲೆ ಸ್ಟೀರಿಂಗ್ ಮುಟ್ಟಲೇ ಇಲ್ಲವಂತೆ.

ಮುಂದಿದ್ದ ಕಾರು ಇದ್ದಕ್ಕಿದ್ದಂತೆ ನಿಂತುಬಿಟ್ಟಿತು, ನಾನೇನು ಮಾಡಲಿ ಅಂತ ಲಾರಿಯವನು ಪೊಲೀಸರ ಮುಂದೆ ಅತ್ತ. ಪೇಪರ್ ಹಾಕುವವನೊಬ್ಬ ಸೇತುವೆಯ ಮೇಲೇ ಇದ್ದನಂತೆ. ಕಾರು ಹೋಗ್ತಾನೇ ಇತ್ತು, ಲಾರಿಯವನೇ ತೂಕಡಿಸುತ್ತಿದ್ದ ಅಂತ ಅವನು ಆಣೆ ಮಾಡಿದ. ಯಾರದು ನಿಜ? ಗಾಡಿ ನಿಂತಿದ್ದರೆ ಅದಕ್ಕೆ ಕಾರಣ ಆ ಸೆನ್ಸರು, ಅಂದರೆ ಭಾವ ಅಳಿಸಿ ಕಳಿಸಿದ ಕೋಡು. ಗಾಡಿ ಹೋಗುತ್ತಿದ್ದರೆ ಲಾರಿಯವನ ನಿದ್ದೆ. ಇದಿಷ್ಟನ್ನು ತಿಳಿದುಕೊಳ್ಳದೆ ಭಾವನಿಗೆ ಉಸಿರಾಡಲು ಸಾಧ್ಯವಿರಲಿಲ್ಲ. ತಿಳಿದಿದ್ದದ್ದು ಆ ಕಾರಿನ ಕಂಪ್ಯೂಟರಿಗೆ ಮಾತ್ರ. ಗಾಡಿ ನಿಂತಿದ್ದರೆ ಅದೇ ಕೋಡು ಮತ್ತೆ ಬಂದು ಕೂತಿರುತ್ತದೆ. ಇಲ್ಲವಾದರೆ ಇಲ್ಲ.

ಈ ಲೆಕ್ಕವೆಲ್ಲ ನನ್ನ ತಲೆಗೆ ಹೊಳೆದದ್ದು ಆಮೇಲೆ. ನಾಲ್ಕನೇ ದಿನ ಪೊಲೀಸರು ಗಾಡಿ ಬಿಟ್ಟರು. ಟೋಯಿಂಗ್ ಗಾಡಿಯವನು ತಂದು ನನ್ನ ಅಂಗಳದಲ್ಲಿ ಇಳಿಸಿಹೋದ. ಹಿಂಭಾಗ ಅಪ್ಪಚ್ಚಿಯಾಗಿ ಮುಂದಿನ ಸೀಟಿನ ಬೆನ್ನಿಗೆ ಬಂದು ಕೂತಿತ್ತು. ಮುಂಭಾಗಕ್ಕೆ ಒಂದು ಗೀರೂ ಇಲ್ಲ. ಒಳಗಡೆ ಚಾವಣಿಯ ಪುಟ್ಟ ದೀಪ ಇನ್ನೂ ಮಂದವಾಗಿ ಉರಿಯುತ್ತಿತ್ತು. ಅವಳ ಚಪ್ಪಲಿ ಒಂದೇ ಇತ್ತು. ನಾನು ಅಳುತ್ತಲೇ ಬಾನೆಟ್ಟು ಎತ್ತಿದೆ, ಹತ್ತನೇ ನಂಬರಿನ ಸ್ಪ್ಯಾನರ್ ಹಿಡಿದು ಕಪ್ಪು ವೈರು ಬಿಚ್ಚಿದೆ. ಚಾವಣಿಯ ದೀಪ ಆರಿತು. ಯೋಚಿಸಿ ಮಾಡಿದ್ದಲ್ಲ. ಅಕ್ಕನ ಕಣ್ಣಿಗೆ ಬೀಳುವ ಮೊದಲು ಗಾಡಿಗೆ ಏನಾದರೂ ಹೊದಿಸಬೇಕು ಅಂತ ಟಾರ್ಪಾಲು ತರಲು ಹೋದೆ.

ವಾಪಸ್ ಬಂದಾಗ ಭಾವ ಬಾನೆಟ್ಟಿನ ಮುಂದೆ ನಿಂತಿದ್ದರು. ನಾಲ್ಕು ದಿನದಿಂದ ಮನೆಯ ಮೂಲೆಯಲ್ಲಿ ಕೂತವರು ಎದ್ದೇ ಇರಲಿಲ್ಲ. ಈಗ ಹೆಗಲಿಗೆ ಸ್ಕ್ಯಾನರಿನ ಚೀಲ, ಕೈಯಲ್ಲಿ ಆ ಕಪ್ಪು ವೈರಿನ ತುದಿ.

"ಯಾವಾಗ ಬಿಚ್ಚಿದೆ?"

"ಈಗ ತಾನೇ ಭಾವ..." ಅನ್ನುತ್ತಿದ್ದ ಹಾಗೆ ನನಗೆ ಹೊಳೆಯಿತು. ಅದು ಹಳೇ ಕಾಲದ ಗಾಡಿ. ಬ್ಯಾಟರಿ ಬಿಚ್ಚಿದರೆ ಅದರ ನೆನಪೆಲ್ಲ ಹೋಗುತ್ತದೆ. ತಗಡಿನವನಾದರೂ ಅಷ್ಟು ನನಗೆ ಗೊತ್ತಿತ್ತು.

ಅವರು ವೈರನ್ನು ತಿರುಗಿ ಜೋಡಿಸಿದರು, ಬಾನೆಟ್ಟು ಇಳಿಸಿದರು, ಒಳಗೆ ಹೋಗಿ ಕೂತು ಬಗ್ಗಿದರು. ಗಾಜಿನಾಚೆ ನನಗೆ ಕಂಡದ್ದು ಅವರ ನರೆತ ನೆತ್ತಿ ಮಾತ್ರ. ಬಹಳ ಹೊತ್ತು ತಲೆ ಎತ್ತಲಿಲ್ಲ. ಹೊರಗೆ ಬಂದಾಗ ಸ್ಕ್ಯಾನರಿನ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಯಾವ ಕೋಡೂ ಇಲ್ಲ. ನಾನು ಅವರ ಕಾಲ ಬಳಿ ಕುಸಿದುಬಿಟ್ಟೆ. ಬೈಯಿರಿ ಭಾವ, ಹೊಡೀರಿ ಅಂದೆ. ನನ್ನ ಸುಟ್ಟ ಎಡಗೈ ಹಿಡಿದು ಎಬ್ಬಿಸಿದರು.

"ಬಿಡು. ನಾನೇ ಕಲಿಸಿದ್ದು."

ಅವತ್ತು ರೇಗಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಗಾಡಿಯನ್ನು ಟಾರ್ಪಾಲು ಹೊದಿಸಿ ಅಂಗಳದ ಮೂಲೆಗೆ ತಳ್ಳಿದೆವು. ಆ ಸೆನ್ಸರನ್ನು ಮಾತ್ರ ಭಾವ ಬಿಚ್ಚಿಕೊಂಡರು. ಈ ಜಾತಿಯ ಸೆನ್ಸರುಗಳಿಗೆ ಒಂದು ರೋಗವಿದೆ. ಬಿಸಿ ಏರಿದಾಗ ಸಾಯುತ್ತವೆ, ತಣ್ಣಗಾದಾಗ ಮತ್ತೆ ಬದುಕುತ್ತವೆ. ಹಾಗಾಗಿ ಅದನ್ನು ಕಾಯಿಸಿ ಮೀಟರು ಹಿಡಿದು ನೋಡಬೇಕು. ಕಾಯಿಸಲು ಮನೆಯಲ್ಲಿ ಇದ್ದದ್ದು ಹಾರನ್ನಿನ ಹೇರ್ ಡ್ರೈಯರ್. ಸಂಜೆ ಆರಕ್ಕೆ ಕೆಲಸ ಮುಗಿಸಿ, ಕೈ ತೊಳೆದು, ಬೆಂಚಿನ ಮೇಲೆ ಸೆನ್ಸರಿಟ್ಟು ಡ್ರೈಯರ್ ಹಚ್ಚುತ್ತಿದ್ದರು. ಕೆಟ್ಟಿದ್ದರೆ ಮೀಟರಿನ ಮುಳ್ಳು ಕುಸಿಯಬೇಕು, ಅದು ಕದಲದೆ ನಿಲ್ಲುತ್ತಿತ್ತು. ಆರಲು ಬಿಟ್ಟು ಮತ್ತೆ ಕಾಯಿಸುವುದು. ಒಂದು ದಿನವಲ್ಲ, ಒಂದು ತಿಂಗಳಲ್ಲ, ಎರಡು ವರ್ಷ. ಸೆನ್ಸರು ಒಂದು ಸಲವೂ ಕೈಕೊಡಲಿಲ್ಲ.

"ನೋಡಿ ಭಾವ, ಚೆನ್ನಾಗೇ ಇದೆ. ಇದರ ತಪ್ಪಿಲ್ಲ, ನಿಮ್ಮ ತಪ್ಪೂ ಇಲ್ಲ" ಅಂದೆ ಒಂದು ದಿನ.

"ಇವತ್ತು ಚೆನ್ನಾಗಿದ್ರೆ ಅವತ್ತೂ ಚೆನ್ನಾಗಿತ್ತು ಅಂತ ಅರ್ಥ ಅಲ್ವಲ್ಲ ತಗಡು."

ಬೇರೆಯವರ ಗಾಡಿಗಳನ್ನು ಮುಟ್ಟಲು ಹೆದರತೊಡಗಿದರು. ಕಾರಣ ಸಿಕ್ಕಿದ ಮೇಲೂ ಗಾಡಿ ಬಿಡುತ್ತಿರಲಿಲ್ಲ. ಇನ್ನೊಂದು ಸಲ, ಇನ್ನೊಂದೇ ಸಲ ನೋಡ್ತೀನಿ ಅನ್ನುತ್ತಿದ್ದರು. ಗಿರಾಕಿಗಳು ಒಬ್ಬೊಬ್ಬರಾಗಿ ಬೀದಿ ಮೂಲೆಯ ಇನ್ನೊಂದು ಗ್ಯಾರೇಜಿಗೆ ಹೋದರು. ಭಾವ ತಟ್ಟೆಗೆ ಕೈಯಿಟ್ಟರೆ ಎರಡು ತುತ್ತು, ಅಷ್ಟೆ.

ಒಂದು ಮಧ್ಯಾಹ್ನ ಭಾವ ಅಂಗಡಿಗೆ ಹೋಗಿದ್ದಾಗ ಅಕ್ಕ ನನ್ನ ಹತ್ತಿರ ಬಂದಳು. ಸುತ್ತಿಗೆ ಕೆಳಗಿಡಿಸಿದಳು.

"ಆ ಡ್ರೈಯರ್ ಸದ್ದು ನನಗೆ ಆಗ್ತಿಲ್ಲ ಕಣೋ. ದಿನಾ ಸಂಜೆ ಅದು ಶುರುವಾದ ಕೂಡ್ಲೇ ಅವಳು ಎಲ್ಲಿಗೋ ಹೊರಡ್ತಿದ್ದಾಳೆ ಅನ್ಸುತ್ತೆ. ಹೊತ್ತಾಯ್ತು ಅಂತ ಕೂಗೋಕೆ ಬಾಯಿ ತೆರೀತೀನಿ. ಆಮೇಲೆ ನೆನಪಾಗುತ್ತೆ. ಎರಡು ವರ್ಷ ಆಯ್ತು, ದಿನಾ ಹೀಗೆ."

"ಭಾವನಿಗೆ ಹೇಳಕ್ಕ."

"ಹೇಗೆ ಹೇಳ್ಲಿ? ಅದೊಂದೇ ಹಿಡ್ಕೊಂಡು ಜೀವ ಇಟ್ಕೊಂಡಿದ್ದಾರೆ. ಕಿತ್ಕೊಂಡ್ರೆ ಏನಾಗ್ತಾರೋ." ಆಮೇಲೆ ನನ್ನ ಮುಖ ನೋಡದೆ ಹೇಳಿದಳು. "ನೀನೊಂದು ಸುಳ್ಳು ಹೇಳು. ವೈರು ಬಿಚ್ಚೋ ಮೊದಲು ನೋಡಿದ್ದೆ, ಕೋಡು ಇರ್ಲಿಲ್ಲ ಅಂತ ಹೇಳು. ನಿನ್ನ ಬಾಯಿಂದ ಬಂದ್ರೆ ನಂಬ್ತಾರೆ. ನಿನಗೆ ಸುಳ್ಳು ಹೇಳೋಕೆ ಬರಲ್ಲ ಅಂತ ಅವರಿಗೆ ಗೊತ್ತು."

ಅಕ್ಕ ನನ್ನನ್ನು ಎತ್ತಿ ಆಡಿಸಿ ಬೆಳೆಸಿದವಳು. ಇಷ್ಟು ವರ್ಷದಲ್ಲಿ ನನ್ನಿಂದ ಬೇಡಿದ್ದು ಇದೊಂದೇ. ಮೂರು ದಿನ ಬಾಯಿಪಾಠ ಮಾಡಿದೆ. ನಾಲ್ಕನೇ ದಿನ ಸಂಜೆ ಭಾವ ಡ್ರೈಯರ್ ತೆಗೆಯುವ ಮೊದಲೇ ಬೆಂಚಿನ ಹತ್ತಿರ ಹೋಗಿ ನಿಂತೆ.

"ಭಾವ, ಒಂದು ವಿಷಯ ಮುಚ್ಚಿಟ್ಟಿದ್ದೀನಿ. ಅವತ್ತು ವೈರು ಬಿಚ್ಚೋ ಮೊದಲು ಮೂಲೆ ಗ್ಯಾರೇಜಿನವನ ಸ್ಕ್ಯಾನರ್ ಇಸ್ಕೊಂಡು ಬಂದು ಹಚ್ಚಿ ನೋಡಿದ್ದೆ. ಏನೂ ಇರ್ಲಿಲ್ಲ. ಒಂದು ಕೋಡೂ ಇರ್ಲಿಲ್ಲ."

ಅವರ ಕೈ ನಿಂತಿತು. "ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ನಿಮ್ಮನ್ನ ಕೇಳ್ದೆ ಮುಟ್ಟಿದೆ ಅಂತ ಹೆದರಿಕೆ. ಮೇಲಾಗಿ ನನ್ನ ಮಾತು ನಂಬ್ತೀರೋ ಇಲ್ವೋ ಅಂತ."

"ಸಾಕೆಟ್ ಎಲ್ಲಿತ್ತು?"

"ಇನ್ನೆಲ್ಲಿರುತ್ತೆ? ಸ್ಟೀರಿಂಗ್ ಕೆಳಗೆ, ಎಲ್ಲ ಗಾಡೀಲಿ ಇರೋ ಹಾಗೆ."

ಭಾವ ನನ್ನನ್ನೇ ನೋಡಿದರು. ಆಮೇಲೆ ಮೆಲ್ಲಗೆ ತಲೆಯಾಡಿಸಿ, ಸೆನ್ಸರನ್ನು ಕಾಗದದಲ್ಲಿ ಸುತ್ತಿದರು.

"ಸರಿ. ಇದನ್ನ ನಿನ್ನ ಅಕ್ಕಂಗೂ ಹೇಳು. ಅವಳು ನಂಬ್ತಾಳೆ. ಅವಳಿಗೆ ಸಮಾಧಾನ ಆಗುತ್ತೆ."

ನಾನು ಕುಣಿಯುವುದೊಂದು ಬಾಕಿ. ಒಳಗೆ ಓಡಿ ಅಕ್ಕನಿಗೆ ಹೇಳಿದೆ: "ನಂಬಿದ್ರು ಅಕ್ಕ! ನಿನಗೂ ಹೇಳು ಅಂದ್ರು!" ಅಕ್ಕ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಅವತ್ತು ಡ್ರೈಯರ್ ಸದ್ದು ಬರಲಿಲ್ಲ. ಭಾವ ಅದರ ವೈರನ್ನು ಅಚ್ಚುಕಟ್ಟಾಗಿ ಸುತ್ತಿ ಅಕ್ಕನ ಕೈಗೆ ಕೊಟ್ಟರು. ಅವಳು ಕಪಾಟಿನಲ್ಲಿಟ್ಟಳು.

ಆಮೇಲೆ ಮನೆ ಸ್ವಲ್ಪ ಮನೆಯಂತಾಯಿತು. ಭಾವ ಕರೆದರೆ ಊಟಕ್ಕೆ ಏಳುತ್ತಿದ್ದರು, ಕೇಳಿ ಬಡಿಸಿಕೊಳ್ಳುತ್ತಿದ್ದರು. ಅಕ್ಕ ಬಾಗಿಲಲ್ಲಿ ನಿಂತು ಬೀದಿಯವರ ಜೊತೆ ಎರಡು ಮಾತು ಆಡತೊಡಗಿದಳು. ಹಲ್ಲಿನ ಡಾಕ್ಟರು ಹೊಸ ಗಾಡಿ ತಂದು ತೋರಿಸಿದರು. ನನ್ನ ಸುಳ್ಳು ಒಂದು ಸಂಸಾರ ಉಳಿಸಿತು ಅಂತ ನಾನು ಮನಸ್ಸಿನಲ್ಲೇ ಬೀಗುತ್ತಿದ್ದೆ. ಮೂರ್ಖ ನಾನು.

ವರ್ಷ ಕಳೆದ ಮೇಲೆ ಭಾವನೇ ಆ ಗಾಡಿ ಗುಜರಿಗೆ ಕೊಟ್ಟುಬಿಡು ಅಂದರು. ಗುಜರಿಯವನು ಬರುವ ಮೊದಲು ಕೆಲಸಕ್ಕೆ ಬರುವ ಸಾಮಾನು ಬಿಚ್ಚಿಕೊಳ್ಳೋಣ ಅಂತ ಕೂತೆ. ಎರಡನೇ ಜೊತೆ ಪೆಡಲು ಬಿಚ್ಚಿದೆ. ಸ್ಟೀರಿಂಗಿನ ಕೆಳಗೆ ನೋಡಿದರೆ ಸಾಕೆಟ್ಟು ಇರಬೇಕಾದ ಕಡೆ ಬರೀ ತೂತು. ಹುಡುಕಿದೆ. ಕೊನೆಗೆ ಎಡಗಡೆ, ಕಾಗದಪತ್ರ ಇಡುವ ಡಬ್ಬದ ಹಿಂದೆ ಸಿಕ್ಕಿತು. ಕಲಿಯುವವರ ಮೊಣಕಾಲು ಬಡಿಯದ ಹಾಗೆ ಭಾವ ಅದನ್ನು ಅಲ್ಲಿಗೆ ಸಾಗಿಸಿದ್ದರು. ವೈರಿಗೆ ಕಪ್ಪು ಟೇಪು ಸುತ್ತಿ, ಮೇಲೊಂದು ಚೀಟಿ ಅಂಟಿಸಿದ್ದರು. ಅವರದೇ ದುಂಡು ಅಕ್ಷರ: ಸ್ಕ್ಯಾನರ್ ಇಲ್ಲಿ.

ನಾನು ಆ ಮುರುಕು ಸೀಟಿನ ಮೇಲೆ ಹಾಗೇ ಕೂತುಬಿಟ್ಟೆ. ಅಂದರೆ ಅವತ್ತು ನಾನು ಸ್ಟೀರಿಂಗ್ ಕೆಳಗೆ ಅಂದ ಕ್ಷಣಕ್ಕೇ ಅದು ಸುಳ್ಳು ಅಂತ ಅವರಿಗೆ ಗೊತ್ತಾಗಿತ್ತು. ನಂಬಿರಲೇ ಇಲ್ಲ. ಹೆಂಡತಿಗಾದರೂ ನೆಮ್ಮದಿ ಸಿಗಲಿ ಅಂತ ನಂಬಿದವರ ಹಾಗೆ ಇದ್ದರು. ಅಕ್ಕನೋ, ಗಂಡನಿಗಾದರೂ ನೆಮ್ಮದಿ ಸಿಗಲಿ ಅಂತ ನನ್ನನ್ನು ಕಳಿಸಿದವಳು. ಅವಳು ಅವರಿಗಾಗಿ ನಗುತ್ತಿದ್ದಳು, ಅವರು ಅವಳಿಗಾಗಿ ಉಣ್ಣುತ್ತಿದ್ದರು. ನಡುವೆ ಎಲ್ಲ ತಿಳಿದವನು ನಾನೊಬ್ಬ. ಯಾರಿಗೆ ಹೇಳಲಿ? ಹೇಳಿದರೆ ಇಬ್ಬರ ತಟ್ಟೆಯ ಅನ್ನವನ್ನೂ ಕಿತ್ತುಕೊಂಡ ಹಾಗೆ. ಚೀಟಿಯನ್ನು ಕಿತ್ತು ಜೇಬಿಗೆ ಹಾಕಿಕೊಂಡೆ.

ಆಮೇಲೆ ಭಾವ ಐದು ವರ್ಷ ಇದ್ದರು. ಆಗಾಗ ಕೇಳುತ್ತಿದ್ದರು, "ನಿಮ್ಮಕ್ಕ ಈಗ ಪರವಾಗಿಲ್ಲ ಅಲ್ವೇನೋ?" ಅಕ್ಕನೂ ಕೇಳುತ್ತಿದ್ದಳು, "ನಿಮ್ಮ ಭಾವ ಈಗ ಹಗುರಾಗಿದ್ದಾರೆ ಅಲ್ವಾ?" ಇಬ್ಬರಿಗೂ ಹೂಂ ಅನ್ನುತ್ತಿದ್ದೆ. ಹೋದ ವರ್ಷ ಒಂದು ಬೆಳಿಗ್ಗೆ ಬೆಂಚಿನ ಹತ್ತಿರ ಎದೆ ಹಿಡಿದುಕೊಂಡು ಕೂತರು. ನಾನು ಬೆನ್ನಿಗೆ ಹಾಕಿಕೊಂಡು ಓಡಿದೆ, ಅವರು ನನ್ನನ್ನು ಹೊತ್ತುಕೊಂಡು ಓಡಿದ ಅದೇ ಆಸ್ಪತ್ರೆಗೆ. ಬಾಗಿಲು ಮುಟ್ಟುವ ಮೊದಲೇ ಭಾರವಾದರು.

ತಿಂಗಳಾದ ಮೇಲೆ ಅಕ್ಕ ಅವರ ಸಾಮಾನಿನ ಪೆಟ್ಟಿಗೆ ನನಗೆ ಕೊಡಲು ಕರೆದಳು. ಮೇಲೆಯೇ ಆ ರಟ್ಟಿನ ಪುಸ್ತಕ ಇತ್ತು. ಅಕ್ಕನ ಕಣ್ಣಿಗೆ ಪೊರೆ ಬಂದಿದೆ, ಅಕ್ಷರ ಕಾಣುವುದಿಲ್ಲ.

"ಅವಳ ಗಾಡೀದು ಇದರಲ್ಲಿ ಬರೆದಿದ್ದಾರಾ ನೋಡು."

ಹಾಳೆ ಮಗುಚಿದೆ. ಹುಡುಕಬೇಕಾಗಲಿಲ್ಲ, ಪುಸ್ತಕ ತಾನಾಗಿ ಆ ಪುಟಕ್ಕೇ ತೆರೆದುಕೊಂಡಿತು. ಗಾಡಿಯ ನಂಬರು. ಪಿ ಸೊನ್ನೆ ಮೂರು ಮೂರು ಐದು. ಪುಟದ ಮಿಕ್ಕ ಎಲ್ಲ ಸಾಲುಗಳಿಗೂ ಕಾರಣ ಇತ್ತು. ಈ ಸಾಲಿನ ಮೂರನೇ ಮನೆ ಖಾಲಿ. ಖಾಲಿ ಅಂದರೆ ಬೆಳ್ಳಗಿರಲಿಲ್ಲ. ಎಣ್ಣೆ ಕೈಯ ಬೆರಳು ಅಲ್ಲಿ ಇಟ್ಟು ಇಟ್ಟು ಕಾಗದ ಕಂದಿಹೋಗಿತ್ತು.

"ಕಾರಣ ಅಂತ ಏನು ಬರೆದಿದ್ದಾರೆ? ಓದೋ."

ಆ ಖಾಲಿ ಮನೆಯ ಮೇಲೆ ಬೆರಳಿಟ್ಟೆ. "ಗಾಡಿಯದು ತಪ್ಪಿಲ್ಲ, ಅಂತ ಬರೆದಿದ್ದಾರಕ್ಕ."

"ಅವರ ಅಕ್ಷರಾನೇ?"

"ಅವರದೇ. ದುಂಡಗೆ."

"ಹಾಗಾದ್ರೆ ನಂಬ್ಕೊಂಡೇ ಹೋದ್ರು."

"ಹೌದಕ್ಕ. ನಂಬ್ಕೊಂಡೇ ಹೋದ್ರು."

ಅಕ್ಕ ಪುಸ್ತಕ ಇಸಿದುಕೊಂಡು ಆ ಪುಟವನ್ನು ಅಂಗೈಯಿಂದ ಒಮ್ಮೆ ಸವರಿದಳು. ಆಮೇಲೆ ಎದ್ದು, ಕಪಾಟು ತೆಗೆದು, ಹೇರ್ ಡ್ರೈಯರಿನ ಪಕ್ಕದಲ್ಲಿ ಅದನ್ನಿಟ್ಟು ಬೀಗ ಹಾಕಿದಳು.